ಸುಂಕದಕಟ್ಟೆಗೆ ಬಂದ ದೋಣಿ ಎಂಜಿನ್

ಆ ಎಂಜಿನ್ ನನ್ನ ಅಂಗಡಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಚಿಕ್ಕ ಗೂಡ್ಸ್ ಗಾಡಿಯಲ್ಲಿ, ನೀಲಿ ಟಾರ್ಪಾಲು ಹೊದ್ದುಕೊಂಡು. ಡ್ರೈವರ್ ಪಕ್ಕ ಒಬ್ಬ ಹೆಂಗಸು ಕೂತಿದ್ದರು. ನಲವತ್ತೈದರ ಆಸುಪಾಸು, ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆ ಚೀಲ. ಇಳಿದವರೇ, "ಸಾರ್, ಹಳೇ ಡೀಸೆಲ್ ಎಂಜಿನ್ ರಿಪೇರಿ ಮಾಡೋರು ನೀವೇನಾ?" ಅಂದರು.

ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ, ಮೂವತ್ತು ವರ್ಷದಿಂದ ನನ್ನದು ಅದೇ ಕೆಲಸ. ಮೊದಲು ಹಿಟ್ಟಿನ ಗಿರಣಿಯ ಎಂಜಿನ್ನು, ತೋಟದ ಪಂಪ್‌ಸೆಟ್ಟು, ಆಮೇಲೆ ಜನರೇಟರ್‌ಗಳು. ಈಗ ಅವೂ ಕಡಿಮೆ. ಹೊಸ ಜನರೇಟರ್ ಕೆಟ್ಟರೆ ಕಂಪನಿಯವರೇ ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಎಷ್ಟೋ ದಿನ ಬೆಳಿಗ್ಗೆ ಶಟರ್ ಎತ್ತಿ, ಸಂಜೆ ಇಳಿಸುವವರೆಗೆ ಯಾರೂ ಬಂದಿರುವುದಿಲ್ಲ.

ಟಾರ್ಪಾಲು ಸರಿಸಿದಾಗ ನನಗೆ ಕಂಡದ್ದು ಎರಡು ಸಿಲಿಂಡರಿನ ಗಿಡ್ಡ ಎಂಜಿನ್ನು. ಬಣ್ಣ ಪೂರ್ತಿ ಎದ್ದುಹೋಗಿತ್ತು. ಬೋಲ್ಟುಗಳ ಸುತ್ತ ಹಸಿರು ಬಿಳಿ ಪುಡಿ ಕಟ್ಟಿತ್ತು. ಗಿರಣಿಯದಲ್ಲ, ಗಾಡಿಯದಲ್ಲ. ಹಿಂದುಗಡೆ ಒಂದು ಪುಟ್ಟ ಗೇರ್‌ಬಾಕ್ಸ್, ಪಕ್ಕದಲ್ಲಿ ಹಿತ್ತಾಳೆಯ ನೀರಿನ ಪಂಪು.

"ದೋಣಿದು ಸಾರ್. ಹಾಯಿ ದೋಣಿ. ಕಾರವಾರದಲ್ಲಿದೆ," ಅಂದರು.

ಅವರು ಬಸವೇಶ್ವರನಗರದವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಒಂಟಿ. ಬೇಸಿಗೆ ರಜೆಯೊಂದರಲ್ಲಿ ಹಾಯಿ ನಡೆಸುವುದನ್ನು ಕಲಿತು, ಆಮೇಲೆ ಯಾರೋ ಬಿಟ್ಟುಹೋಗುತ್ತಿದ್ದ ಹಳೆಯ ದೋಣಿಯೊಂದನ್ನು ಕೊಂಡಿದ್ದರು. ಕೊನೆಯ ಸಲ ಸಮುದ್ರಕ್ಕೆ ಹೋದಾಗ ಗಾಳಿ ಪೂರ್ತಿ ನಿಂತುಹೋಯಿತಂತೆ. ಎಂಜಿನ್ ಹಾಕಲು ನೋಡಿದರೆ ಅದು ಒಂದಿಷ್ಟೂ ತಿರುಗಲಿಲ್ಲ. ಬೆಳಗಿನಿಂದ ಸಂಜೆವರೆಗೆ ದ್ವೀಪಗಳ ನಡುವೆ ಸುಮ್ಮನೆ ತೇಲುತ್ತಾ ಕೂತಿದ್ದು, ಕೊನೆಗೆ ಮೀನುಗಾರರು ಹಗ್ಗ ಕಟ್ಟಿ ಎಳೆದುತಂದರಂತೆ.

"ಭಯ ಆಗಲಿಲ್ವಾ ಮೇಡಂ?"

"ಭಯಕ್ಕಿಂತ ಬೇಜಾರು ಸಾರ್. ಎದುರಿಗೇ ಊರು ಕಾಣ್ತಾ ಇದೆ, ಹೋಗೋಕಾಗಲ್ಲ."

ಆ ಮಾತು ನನಗೆ ಸರಿಯಾಗಿ ಅರ್ಥವಾಯಿತು. ಅಲ್ಲಿನ ಮೆಕ್ಯಾನಿಕ್‌ಗಳು ಇದನ್ನು ಗುಜರಿಗೆ ಹಾಕಿ ಅಂದರಂತೆ. ಹೊಸದು ಆ ದೋಣಿಯ ಹೊಟ್ಟೆಯಲ್ಲಿ ಕೂರುವುದಿಲ್ಲ. ಅದಕ್ಕೇ ವಿಚಾರಿಸಿಕೊಂಡು ನನ್ನ ಹತ್ತಿರ ತಂದಿದ್ದರು.

"ಇಲ್ಲಿ ಇಬ್ಬರು ಇದಾರೆ ಅಂದಿದ್ರು," ಅಂದರು ಅಂಗಡಿಯೊಳಗೆ ಇಣುಕುತ್ತಾ. "ಇನ್ನೊಬ್ಬರು ಬರೀ ಸದ್ದು ಕೇಳೇ ಏನಾಗಿದೆ ಅಂತ ಹೇಳ್ತಾರಂತೆ."

"ಅವನು ಈಗಿಲ್ಲ," ಅಂದೆ.

"ಅಯ್ಯೋ, ಸಾರಿ ಸಾರ್," ಅಂದರು ಮೆಲ್ಲಗೆ. ಅವರು ಏನು ತಿಳಿದುಕೊಂಡರು ಅನ್ನುವುದು ನನಗೆ ಗೊತ್ತಾಯಿತು. ತಿದ್ದಲಿಲ್ಲ. ಅವನು ನಂದಿನಿ ಲೇಔಟ್‌ನಲ್ಲಿ, ನನ್ನಿಂದ ಒಂದು ಬಸ್ಸಿನ ದೂರದಲ್ಲಿ, ಚೆನ್ನಾಗಿಯೇ ಬದುಕಿದ್ದ.

ಅವನು ನನ್ನ ಗೆಳೆಯ, ನಾವಿಬ್ಬರೂ ಸೇರಿಯೇ ಅಂಗಡಿ ಶುರು ಮಾಡಿದ್ದು. ಅವನು ನನಗಿಂತ ಎರಡು ವರ್ಷ ದೊಡ್ಡವನು. ನನಗೆ ಕೈ ಚೆನ್ನಾಗಿತ್ತು, ಅವನಿಗೆ ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣುಮುಚ್ಚಿ ನಿಲ್ಲುತ್ತಿದ್ದ. ಆಮೇಲೆ "ಎರಡನೇ ಸಿಲಿಂಡರಿನ ಬುಷ್ ಸವೆದಿದೆ ಕಣೋ" ಅನ್ನುತ್ತಿದ್ದ. ಬಿಚ್ಚಿದರೆ ಅದೇ ಇರುತ್ತಿತ್ತು. ನಾನು ಮದುವೆಯಾಗಲಿಲ್ಲ, ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದೆ. ಹಬ್ಬದ ಊಟ ಅವನ ಮನೆಯಲ್ಲೇ. ಅವನ ಹೆಂಡತಿಯನ್ನು ಅತ್ತಿಗೆ ಅನ್ನುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ನಾವು ನೋಡಿಕೊಳ್ಳುತ್ತಿದ್ದ ಜನರೇಟರ್, ಕರೆಂಟ್ ಹೋಗಿದ್ದ ಹೊತ್ತಿನಲ್ಲಿ, ಸರಿಯಾಗಿ ಮುಹೂರ್ತಕ್ಕೆ ನಿಂತುಹೋಯಿತು. ಹುಡುಗಿಯ ಅಪ್ಪ, ಮಂಟಪದ ಮ್ಯಾನೇಜರು, ಇಪ್ಪತ್ತು ಜನ ಸುತ್ತುವರಿದರು. "ಯಾರ್ರೀ ಬೆಳಿಗ್ಗೆ ನೋಡಿದ್ದು?" ಅಂತ ಮ್ಯಾನೇಜರು ಕೂಗಿದ. ನಾನು ಅವನ ಕಡೆ ಕೈ ತೋರಿಸಿದೆ. ಸುಳ್ಳಲ್ಲ, ಬೆಳಿಗ್ಗೆ ಎಂಜಿನ್ನಿಗೆ ಕಿವಿಯಿಟ್ಟು "ಸರಿಯಿದೆ" ಅಂದವನು ಅವನೇ. ಆದರೆ ಅವನು ಕೇಳಿಹೋದ ಮೇಲೆ ಡೀಸೆಲ್ ಫಿಲ್ಟರ್ ತೊಳೆಯಲು ಬಿಚ್ಚಿದ್ದು ನಾನು. ಗಾಳಿ ತೆಗೆಯುವ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡದೆ ಎದ್ದುಬಂದಿದ್ದು ನಾನು. ಗಲಾಟೆಯ ನಡುವೆ ಬಗ್ಗಿ ಮುಟ್ಟಿದಾಗ ಸ್ಕ್ರೂ ಬೆರಳಿಗೇ ತಿರುಗಿತು. ಅಲ್ಲಿಂದ ಡೀಸೆಲ್ಲಿಗೆ ಗಾಳಿ ಸೇರಿ ಎಂಜಿನ್ ನಿಂತಿತ್ತು. ಬಿಗಿ ಮಾಡಿ, ಗಾಳಿ ತೆಗೆದು, ಸ್ಟಾರ್ಟ್ ಮಾಡಿದೆ. ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ಅವನನ್ನು ಬೈದರು. ಅವನು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದ. ಮುಂದಿನ ಸೋಮವಾರದಿಂದ ಅಂಗಡಿಗೆ ಬರಲಿಲ್ಲ. ಇವತ್ತು ಹೋಗಿ ಹೇಳೋಣ, ನಾಳೆ ಹೋಗೋಣ ಅಂದುಕೊಂಡೇ ಹನ್ನೊಂದು ವರ್ಷವಾಯಿತು.

ಅಷ್ಟು ವರ್ಷದಲ್ಲಿ ಇಬ್ಬರ ಕೆಲಸವನ್ನು ಒಬ್ಬನೇ ಮಾಡುವುದನ್ನು ಕಲಿತಿದ್ದೆ. ಎಂಜಿನ್ನಿನ ಭಾರದ ಮೇಲ್ಮುಚ್ಚಳ, ಹೆಡ್, ಎತ್ತಲು ಚೈನ್ ಪುಲ್ಲಿ ಕಟ್ಟಿಕೊಂಡೆ. ಒಂದು ಕಡೆ ಹಿಡಿದುಕೊಳ್ಳಲು ಮರದ ತುಂಡು, ಇನ್ನೊಂದು ಕಡೆಗೆ ಮೊಣಕಾಲು. ಮಧ್ಯಾಹ್ನ ಎದುರಿನ ಬಾಗಲಕೋಟೆಯವರ ಖಾನಾವಳಿಯಿಂದ ರೊಟ್ಟಿ ಪಲ್ಯ ತಂದು ಬೆಂಚಿನ ಮೇಲೆ ತಿನ್ನುತ್ತಿದ್ದೆ. ಖಾನಾವಳಿಯಲ್ಲಿ ಮಾತಾಡುವ ನಾಲ್ಕು ಮಾತೇ ಕೆಲವು ದಿನ ನನ್ನ ಇಡೀ ದಿನದ ಮಾತು.

ದೋಣಿಯ ಎಂಜಿನ್ ಬಿಚ್ಚಲು ಹದಿನೈದು ದಿನ ಹಿಡಿಯಿತು. ಒಂದೊಂದು ಬೋಲ್ಟಿಗೂ ಎಣ್ಣೆ ಬಿಟ್ಟು, ಕಾದು, ಬಿಸಿ ಮಾಡಿ, ಮತ್ತೆ ಕಾಯಬೇಕು. ಹೆಡ್ ಎದ್ದಾಗ ಕಾರಣ ಕಂಡಿತು. ಈ ಎಂಜಿನ್ ತಣ್ಣಗಾಗುವುದು ಸಮುದ್ರದ ನೀರಿನಿಂದಲೇ. ಆ ನೀರು ಕೊನೆಗೆ ಹೊಗೆಯ ಜೊತೆ ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ. ಹೊಗೆ ಹೋಗುವ ಬಾಗಿದ ಪೈಪು ಮಸಿ ತುಕ್ಕು ಕಟ್ಟಿ ಮುಚ್ಚಿಹೋಗಿ, ನೀರು ಹಿಂದಕ್ಕೆ ಸಿಲಿಂಡರಿಗೇ ಇಳಿದಿತ್ತು. ಎರಡನೇ ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ನೀರು ಓಡಾಡುವ ಸಂದುಗಳಲ್ಲೆಲ್ಲ ಬಿಳಿಯದೇನೋ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಉಪ್ಪು. ಅರವತ್ತು ವರ್ಷಕ್ಕೆ ನಾನು ಸಮುದ್ರ ನೋಡಿರಲಿಲ್ಲ. ರುಚಿ ಮಾತ್ರ ಸುಂಕದಕಟ್ಟೆಯಲ್ಲೇ ಸಿಕ್ಕಿತು.

ಪಿಸ್ಟನ್ ಮೇಲೆ ಸೀಮೆಎಣ್ಣೆ, ಗೇರ್ ಆಯಿಲ್ ಬೆರೆಸಿ ಸುರಿದು ಒಂದು ವಾರ ಬಿಟ್ಟೆ. ದಿನಾ ಬೆಳಿಗ್ಗೆ ಮರದ ತುಂಡಿಟ್ಟು ಹತ್ತು ಏಟು. ಎಂಟನೇ ದಿನ ಕೂದಲೆಳೆಯಷ್ಟು ಅಲುಗಿತು. ಆವತ್ತು ಯಾರಿಗಾದರೂ ಹೇಳಬೇಕು ಅನ್ನಿಸಿ ಮೇಡಂಗೆ ಫೋನ್ ಮಾಡಿದೆ. ಅವರು ಕ್ಲಾಸಿನಲ್ಲಿದ್ದರು. ಸಂಜೆ ಅವರೇ ಮಾಡಿದಾಗ, "ಏನಿಲ್ಲ ಮೇಡಂ, ಪಿಸ್ಟನ್ ಬಿಡ್ತು" ಅಂದೆ. ಅದು ಎಷ್ಟು ದೊಡ್ಡ ವಿಷಯ ಅಂತ ಫೋನಿನಲ್ಲಿ ಹೇಳಲು ಬರಲಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಿಲಿಂಡರಿನ ಒಳಮೈ ಕೊರೆದು ನುಣುಪು ಮಾಡುವ ಬೋರಿಂಗ್ ಮಾಡಿಸಿದೆ. ಪಿಸ್ಟನ್, ರಿಂಗುಗಳನ್ನು ಹುಡುಕಿ ಹೊಂದಿಸಿದೆ. ಗ್ಯಾಸ್ಕೆಟ್ಟುಗಳನ್ನು ಕೈಯಲ್ಲೇ ಕತ್ತರಿಸಿದೆ. ಸಂದುಗಳ ಉಪ್ಪನ್ನು ತಂತಿಯಿಂದ ಕೆರೆದು ಕೆರೆದು ಡಬ್ಬಿಗಟ್ಟಲೆ ತೆಗೆದೆ. ಮೂರು ತಿಂಗಳ ನಂತರ ಒಂದು ಬೆಳಿಗ್ಗೆ, ನೀರಿನ ಡ್ರಮ್ಮಿಗೆ ಪೈಪು ಕೊಟ್ಟು, ಹ್ಯಾಂಡಲ್ ತಿರುಗಿಸಿದೆ. ನಾಲ್ಕನೇ ಸುತ್ತಿಗೆ ಕೆಮ್ಮಿ, ಹಿಡಿದುಕೊಂಡಿತು. ಡುಗುಡುಗು ಅಂತ ಹದವಾಗಿ ಓಡಿತು.

ಇಪ್ಪತ್ತು ನಿಮಿಷ ಓಡಿತು. ಎಂಜಿನ್ ಬಿಸಿಯಾಗುತ್ತಿದ್ದಂತೆ ಒಳಗೆಲ್ಲೋ ಬಡಿಯುವ ಸದ್ದು ಶುರುವಾಯಿತು. ಯಾರೋ ಗೋಡೆಯಾಚೆ ನಿಂತು ಸುತ್ತಿಗೆಯಲ್ಲಿ ತಟ್ಟಿದ ಹಾಗೆ.

ಆ ಸದ್ದು ಮೂರು ವಾರ ನನ್ನನ್ನು ತಿಂದಿತು. ಒಂದೊಂದೇ ಸಿಲಿಂಡರಿಗೆ ಡೀಸೆಲ್ ನಿಲ್ಲಿಸಿ ನೋಡಿದೆ. ಡೀಸೆಲ್ ಚಿಮ್ಮಿಸುವ ನಾಝಲ್ ಬದಲಾಯಿಸಿದೆ. ಮತ್ತೆ ಬಿಚ್ಚಿ ಬೇರಿಂಗ್ ನೋಡಿದೆ, ಸರಿಯಾಗಿತ್ತು. ಜೋಡಿಸಿದರೆ ಮತ್ತೆ ಅದೇ. ಸ್ಕ್ರೂಡ್ರೈವರ್ ನಾನೂ ಕಿವಿಗಿಟ್ಟು ನಿಂತೆ. ನನಗೆ ಎಲ್ಲ ಕಡೆಯಿಂದಲೂ ಒಂದೇ ಸದ್ದು ಕೇಳುತ್ತಿತ್ತು. ಈ ಎಂಜಿನ್ ನಂಬಿಕೊಂಡು ಒಬ್ಬ ಹೆಂಗಸು ಒಂಟಿಯಾಗಿ ಸಮುದ್ರಕ್ಕೆ ಹೋಗುತ್ತಾರೆ. ಹೇಗೋ ಓಡುತ್ತದೆ ಅಂತ ಕೊಟ್ಟು ಕಳಿಸುವ ಹಾಗಿರಲಿಲ್ಲ. ಒಂದು ಭಾನುವಾರ ಶರ್ಟು ಬದಲಾಯಿಸಿಕೊಂಡು ನಂದಿನಿ ಲೇಔಟ್‌ಗೆ ಬಸ್ಸು ಹತ್ತಿದೆ.

ಬಾಗಿಲು ತೆಗೆದದ್ದು ಅತ್ತಿಗೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಒಂದು ಗಳಿಗೆ ನೋಡಿ, "ಒಳಗೆ ಬನ್ನಿ," ಅಂದರು. ಅವನು ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಿದ್ದ. ತಲೆ ಎತ್ತಲಿಲ್ಲ. ಬೇಕೆಂದೇ ಎತ್ತುತ್ತಿಲ್ಲ ಅಂದುಕೊಂಡೆ.

"ಹತ್ತಿರ ಹೋಗಿ ಮುಟ್ಟಿ," ಅಂದರು ಅತ್ತಿಗೆ. "ಅವರಿಗೆ ಕಿವಿ ಕೇಳಲ್ಲ. ನಾಲ್ಕು ವರ್ಷ ಆಯ್ತು. ಮೆಷಿನ್ ತಂದ್ವಿ, ಬರೀ ಗುಂಯ್ ಅನ್ನುತ್ತೆ ಅಂತ ತೆಗೆದಿಟ್ಟುಬಿಟ್ರು."

ನಾನು ಅಲ್ಲೇ ನಿಂತುಬಿಟ್ಟೆ. ಆಮೇಲೆ ಹೋಗಿ ಭುಜ ಮುಟ್ಟಿದೆ. ಅವನು ತಿರುಗಿ ನೋಡಿದ. ಕೋಪ ಕಾಣಲಿಲ್ಲ, ನಗುವೂ ಇಲ್ಲ.

"ತೆಳ್ಳಗಾಗಿದೀಯ," ಅಂದ. ಕಿವುಡರಿಗೆ ತಮ್ಮ ದನಿಯ ಅಂದಾಜು ಇರುವುದಿಲ್ಲ. ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಹೇಳಿದ.

ಅವನ ಮಡಿಲಿನ ಪೇಪರಿನ ಅಂಚಿನಲ್ಲಿ ಬರೆದೆ: ದೋಣಿ ಎಂಜಿನ್. ಬಿಸಿಯಾದ ಮೇಲೆ ಬಡಿತ. ಸಿಗ್ತಾ ಇಲ್ಲ.

ಓದಿದ. "ನನಗೆ ಕೇಳಲ್ಲ ಕಣೋ," ಅಂದ. ಪೇಪರನ್ನು ಪಕ್ಕಕ್ಕಿಟ್ಟ. "ಎಷ್ಟು ಸಿಲಿಂಡರು?" ಅಂದ.

ಮಾರನೇ ದಿನ ಹತ್ತು ಗಂಟೆಗೆ ಅಂಗಡಿಯ ಮುಂದೆ ಆಟೋದಿಂದ ಇಳಿದ. ಒಳಗೆ ಬಂದು ಸುತ್ತ ಕಣ್ಣಾಡಿಸಿದ. ಎಂಜಿನ್ ಸ್ಟಾರ್ಟ್ ಮಾಡಿ ಇಬ್ಬರೂ ಅದು ಬಿಸಿಯಾಗುವುದನ್ನು ಕಾಯುತ್ತಾ ಕೂತೆವು. ಬಡಿತ ಶುರುವಾದಾಗ ಕೈ ಎತ್ತಿದೆ. ಅವನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ಮರದ ಹಿಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಹಲ್ಲಿನಲ್ಲಿ ಕಚ್ಚಿ ಹಿಡಿದ. ಕಿವಿಗೆ ಕೇಳದ್ದನ್ನು ಹಲ್ಲಿಗೆ ತಾಗುವ ನಡುಕದಲ್ಲಿ ಹುಡುಕುತ್ತಿದ್ದ. ಬಗ್ಗಿ, ತುದಿಯನ್ನು ಹೆಡ್ಡಿಗೆ ಮುಟ್ಟಿಸಿದ. ಆಮೇಲೆ ಬ್ಲಾಕಿಗೆ, ಕೆಳಗಿನ ಚೇಂಬರಿಗೆ, ಪಂಪಿಗೆ. ಕಣ್ಣು ಮುಚ್ಚಿತ್ತು. ಕೊನೆಗೆ ಮುಂದುಗಡೆಯ ಭಾರದ ಚಕ್ರ, ಫ್ಲೈವೀಲಿನ ಹಿಂದೆ, ಶಾಫ್ಟು ಹೊರಬರುವ ಜಾಗದ ಪಕ್ಕ ತುದಿ ಇಟ್ಟು ತುಂಬ ಹೊತ್ತು ಹಾಗೇ ಇದ್ದ.

"ಒಳಗೆ ಏನೂ ಇಲ್ಲ," ಅಂದ ಸ್ಕ್ರೂಡ್ರೈವರ್ ಬಾಯಿಂದ ತೆಗೆದು. "ಚಕ್ರ ಅಲ್ಲಾಡ್ತಿದೆ."

ನಿಲ್ಲಿಸಿ ಬಿಚ್ಚಿದೆವು. ಫ್ಲೈವೀಲಿನ ನಟ್ ಬಿಗಿಯಾಗಿಯೇ ಇತ್ತು. ಆದರೆ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಕಬ್ಬಿಣದ ಕೀಲು, ಅದು ಕೂರುವ ಕಚ್ಚು, ಎರಡೂ ಸವೆದಿದ್ದವು. ಚಕ್ರ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತಿತ್ತು. ಬಿಸಿಯಾದ ಮೇಲೆ ಇನ್ನಷ್ಟು.

"ಯಾರು ಹಾಕಿದ್ದು ಇದನ್ನ?"

ನಾನು ನನ್ನ ಎದೆ ಮುಟ್ಟಿಕೊಂಡೆ.

"ಸ್ಪ್ಯಾನರನ್ನ ನಂಬಿದೀಯ. ಚಕ್ರ ಹಿಡಿದು ಒಂದ್ಸಲ ಅಲ್ಲಾಡಿಸಿ ನೋಡಿಲ್ಲ," ಅಂದ. ಬೈಗುಳವಲ್ಲ, ಹಳೆಯ ದಿನಗಳಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದ.

ಅಷ್ಟರಲ್ಲಿ ಮೇಡಂ ಬಂದರು. ಆವತ್ತು ಅವರ ಶಾಲೆಗೆ ಅರ್ಧ ದಿನ ರಜೆ. "ಇವರು ಯಾರು ಸಾರ್?" ಅಂದರು. ಸದ್ದು ಕೇಳಿ ರೋಗ ಹೇಳುತ್ತಿದ್ದವನು ಇವನೇ ಅಂದೆ. ಅವರು ಅವನನ್ನೂ ನನ್ನನ್ನೂ ನೋಡಿದರು. "ನೀವು ಅವರು ಇಲ್ಲ ಅಂದಿದ್ರಿ."

"ಅಂದಿದ್ದೆ," ಅಂದೆ. ಅವರು ಅವನಿಗೆ ಕೈ ಮುಗಿದು, ಸ್ವಲ್ಪ ಹೊತ್ತು ಎಂಜಿನ್ ನೋಡಿ ಹೊರಟರು.

ಅವರು ಹೋದ ಮೇಲೆ ನನಗೆ ತಡೆದುಕೊಳ್ಳಲು ಆಗಲಿಲ್ಲ. ಬದುಕಿರುವವನನ್ನೇ ಇಲ್ಲ ಅಂದಿದ್ದೆ, ಅದು ಅವನಿಗೆ ಕೇಳಲೂ ಇಲ್ಲ. ಬೆಂಚಿನ ಮೇಲೆ ಹಾಸಿದ್ದ ತಗಡಿನ ಮೇಲೆ ಅಳತೆ ಗುರುತು ಮಾಡುವ ಸೀಮೆಸುಣ್ಣದಲ್ಲಿ ಬರೆದೆ: ಮಂಟಪದಲ್ಲಿ ಎಂಜಿನ್ ನಿಂತಿದ್ದು ನನ್ನಿಂದ. ನೀನು ನೋಡಿಹೋದ ಮೇಲೆ ಫಿಲ್ಟರ್ ಬಿಚ್ಚಿದೆ. ಸ್ಕ್ರೂ ಬಿಗಿ ಮಾಡಲಿಲ್ಲ. ಆವತ್ತೇ ಗೊತ್ತಾಯ್ತು. ಹೇಳಲಿಲ್ಲ.

ಅವನು ಕನ್ನಡಕ ಹಾಕಿಕೊಂಡು ಓದಿದ. ಮತ್ತೆ ಓದಿದ. ನನ್ನ ಮೇಲೆ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತುಕೊಂಡ.

"ನೀನು ಜನರ ಮುಂದೆ ಕೈ ತೋರಿಸಿದೆ ಅಂತ ನಾನು ಬಿಟ್ಟಿದ್ದಲ್ಲ," ಅಂದ, ಅದೇ ದೊಡ್ಡ ದನಿಯಲ್ಲಿ. "ಬೆಳಿಗ್ಗೆ ಕೇಳಿ ಸರಿಯಿದೆ ಅಂದಿದ್ದೆ. ಮಧ್ಯಾಹ್ನದೊಳಗೆ ನಿಂತುಹೋಯ್ತು. ನನ್ನ ಕಿವಿ ಕೆಟ್ಟಿದೆ, ಇನ್ನು ನನ್ನ ಮಾತು ನಂಬ್ಕೊಂಡು ಯಾರದಾದ್ರೂ ಕೈಯೋ ಕಾಲೋ ಹೋಗುತ್ತೆ ಅಂತ ಬಿಟ್ಟೆ. ಆಗ ನನ್ನ ಕಿವಿ ಚೆನ್ನಾಗೇ ಇತ್ತು, ಅಲ್ವೇನೋ?"

ನಾನು ಹೌದೆಂದು ತಲೆ ಆಡಿಸಿದೆ.

"ಇನ್ನೂ ಏಳು ವರ್ಷ ಚೆನ್ನಾಗಿತ್ತು," ಅಂದ.

ಕೋಪ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಎದ್ದು, ಸೋಪು ಹಚ್ಚಿ ಬೆರಳ ಸಂದಿಯವರೆಗೂ ತೊಳೆದುಕೊಂಡು, ಹೊರಗೆ ಹೋದ. ಮಾಗಡಿ ರಸ್ತೆಯವರೆಗೆ ಹಿಂದೆ ಹೋದೆ. ಕೂಗಿದರೆ ಅವನಿಗೆ ಕೇಳುವುದಿಲ್ಲ. ಓಡಿಹೋಗಿ ಕೈ ಹಿಡಿಯಲು ನನಗೆ ಮುಖವಿರಲಿಲ್ಲ. ಬಸ್ಸು ಬಂತು, ಹತ್ತಿಕೊಂಡ. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ.

ಕೀಲಿನ ಕಚ್ಚನ್ನು ಅಗಲ ಮಾಡಿಸಿ ಹೊಸ ಕೀಲು ಕೂರಿಸಿದೆ. ಚಕ್ರವನ್ನೂ ಶಾಫ್ಟನ್ನೂ ಸವೆಸುವ ಪೇಸ್ಟು ಹಚ್ಚಿ ಒಂದಕ್ಕೊಂದು ಉಜ್ಜಿ ಹೊಂದಿಸಿದೆ. ಹಿಡಿದು ಅಲ್ಲಾಡಿಸಿ ನೋಡಿದೆ. ಆಮೇಲೆ ಒಂದು ಇಡೀ ಹಗಲು ಓಡಿಸಿದೆ. ಬಡಿತ ಇರಲಿಲ್ಲ. ಆ ದಿನ ಯಾರಿಗೂ ಫೋನ್ ಮಾಡಲಿಲ್ಲ.

ಎಂಜಿನ್ನನ್ನು ಗಾಡಿಯಲ್ಲಿ ಕಳಿಸಿ, ಯಶವಂತಪುರದಿಂದ ಬೆಳಗಿನ ರೈಲಿನಲ್ಲಿ ಮೇಡಂ ಜೊತೆ ಕಾರವಾರಕ್ಕೆ ಹೋದೆ. ದೋಣಿ ಕಾಳಿ ನದಿ ಸಮುದ್ರ ಸೇರುವಲ್ಲಿ, ಒಂದು ಕಟ್ಟೆಗೆ ಕಟ್ಟಿಹಾಕಿದ್ದರು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಾಯಿಯ ಅಡ್ಡ ಕಂಬಕ್ಕೆ ಚೈನ್ ಪುಲ್ಲಿ ಕಟ್ಟಿ, ಇಬ್ಬರು ಮೀನುಗಾರರ ಸಹಾಯದಿಂದ, ಕೆಳಗಿಳಿಯುವ ಮೆಟ್ಟಿಲಿನ ಕಿಂಡಿಯೊಳಗೆ ಎಂಜಿನ್ ಇಳಿಸಿದೆವು. ದೋಣಿಯನ್ನು ತಳ್ಳುವ ನೀರಿನೊಳಗಿನ ರೆಕ್ಕೆಯ ಶಾಫ್ಟಿಗೂ ಗೇರ್‌ಬಾಕ್ಸಿಗೂ ನೇರ ಹೊಂದಿಸಲು ಎರಡು ದಿನ, ಹೊಟ್ಟೆಯ ಮೇಲೆ ಮಲಗಿ, ಕಾಗದದಷ್ಟು ತೆಳ್ಳಗಿನ ತಗಡುಗಳನ್ನು ಸಂದಿಗೆ ತುರುಕಿ ತೆಗೆದೆ. ಕೆಳಗಿನ ನೆಲ ಉಸಿರಾಡಿದ ಹಾಗೆ ಏರಿಳಿಯುತ್ತಿತ್ತು. ಎರಡು ಸಲ ವಾಂತಿ ಮಾಡಿಕೊಂಡೆ.

ಮೂರನೇ ದಿನ ಹೊರಟೆವು. ಎಂಜಿನ್ ಒಂದೇ ಹದದಲ್ಲಿ ಓಡುತ್ತಾ ನಮ್ಮನ್ನು ನದಿಯ ಬಾಯಿ ದಾಟಿಸಿತು. ಮೇಡಂ ಚುಕ್ಕಾಣಿ ಹಿಡಿದಿದ್ದರು. ನಾನು ಕಿಂಡಿಯ ಪಕ್ಕ ಎಂಜಿನ್ನಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ತಲೆ ಎತ್ತಿದಾಗ ಸುತ್ತ ನೀರೇ. ಹೊರಗೆ ಗಾಳಿ ಸಿಕ್ಕಿತು. ಅವರು ಹಾಯಿ ಏರಿಸಿ, ಬಂದು ಎಂಜಿನ್ ನಿಲ್ಲಿಸಿದರು.

ಅಷ್ಟು ತಿಂಗಳ ಕೆಲಸ ಒಂದು ಕೊಂಡಿ ಎಳೆದದ್ದೇ ಸುಮ್ಮನಾಯಿತು. ದೋಣಿ ಪಕ್ಕಕ್ಕೆ ವಾಲಿ ಮುಂದೆ ಸಾಗಿತು. ಹಲಗೆಗೆ ನೀರು ತಾಗುವ ಸಪ್ಪಳ ಬಿಟ್ಟರೆ ಏನೂ ಇಲ್ಲ. ನನ್ನ ಜನ್ಮದಲ್ಲಿ ಅಂಥ ನಿಶ್ಶಬ್ದ ಕೇಳಿರಲಿಲ್ಲ. ಅವನಿಗೆ ಎಲ್ಲ ದಿನವೂ ಹೀಗೇ ಇರಬಹುದು ಅನ್ನಿಸಿತು. ಇಲ್ಲ, ಹೀಗಿರಲಿಕ್ಕಿಲ್ಲ, ಇಲ್ಲಿ ಬೇಕಾದಾಗ ಎಂಜಿನ್ ಹಾಕಬಹುದು. ಕಣ್ಣು ತುಂಬಿತು. ಮೇಡಂ ನೋಡಿದರು, "ಉಪ್ಪು ಗಾಳಿ ಸಾರ್, ಮೊದಲ ಸಲ ಹಾಗೇ" ಅಂದರು. ಅವರು ಒಳ್ಳೆಯವರು.

ಊರಿಗೆ ಬಂದ ಮೇಲೆ ಎರಡು ಭಾನುವಾರ ನಂದಿನಿ ಲೇಔಟ್‌ಗೆ ಹೋದೆ. ಎರಡು ಸಲವೂ ಅತ್ತಿಗೆ ಬಾಗಿಲಲ್ಲೇ, "ಮಲಗಿದಾರೆ," ಅಂದರು. ಮೂರನೇ ಭಾನುವಾರ ಅವನೇ ಗೇಟಿನ ಹತ್ತಿರ ನಿಂತಿದ್ದ. ನಾನು ಜೇಬಿನಿಂದ ಪೆನ್ನು ಚೀಟಿ ತೆಗೆದೆ. ಅವನು ನನ್ನ ಕೈ ಹಿಡಿದು ಚೀಟಿಯನ್ನು ಮತ್ತೆ ಜೇಬಿಗೇ ತುರುಕಿದ.

"ಏನೂ ಬರೀಬೇಡ," ಅಂದ. "ಅಂಗಡಿಗೆ ನಾನು ಬರಲ್ಲ. ನಿನ್ನ ಮುಖ ನೋಡೋಕೆ ಇನ್ನೂ ಆಗಲ್ಲ ನಂಗೆ. ಬಂದಿದೀಯ, ಕೂತ್ಕೊ."

ವರಾಂಡದಲ್ಲಿ ಅತ್ತಿಗೆ ಅವರೆಕಾಯಿ ರಾಶಿ ಹಾಕಿಕೊಂಡು ಬಿಡಿಸುತ್ತಿದ್ದರು. ನಾನು ಕೆಳಗೆ ಕೂತು ಒಂದು ಹಿಡಿ ಎಳೆದುಕೊಂಡೆ. ಅವನು ಕುರ್ಚಿಯಲ್ಲಿ, ಮುಖ ಬೀದಿಯ ಕಡೆ ಮಾಡಿ ಕೂತ. ಒಂದು ಗಂಟೆ ಕೂತಿದ್ದೆ. ಅತ್ತಿಗೆ ಕಾಫಿ ಕೊಟ್ಟರು, ಕುಡಿದು ಎದ್ದುಬಂದೆ.

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಕೆಲವು ಸಲ ಒಂದೆರಡು ಮಾತಾಡುತ್ತಾನೆ, ಹೆಚ್ಚಿನ ಸಲ ಇಲ್ಲ. ಸೋಮವಾರ ಬೆಳಿಗ್ಗೆ ಶಟರ್ ಎತ್ತಿ, ಒಬ್ಬನೇ ಕೂರುತ್ತೇನೆ.